ಹಣೆಯಷ್ಟು ಗಟ್ಟಿ

ಸತ್ಯಮಂಗಲದ ತರಬೇತಿಯಲ್ಲಿ ಡಾಕ್ಟರಮ್ಮ ಹೇಳಿದ್ದು ಇಷ್ಟು:
ಕೂಸು ಬಂದ ಮೇಲೆ, ಮಾಸು ಬಿದ್ದ ಮೇಲೆ
ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ.
ನಿಮ್ಮ ತುಟಿಯಷ್ಟು ಮೆತ್ತಗಿದ್ದರೆ ಅಪಾಯ.
ಮೂಗಿನ ತುದಿಯಂತಿದ್ದರೆ ಇನ್ನೂ ತಿಕ್ಕಿ.
ಹಣೆಯಷ್ಟು ಗಟ್ಟಿಯಾದರೆ, ಆಗ ಟೀ ಕುಡಿಯಿರಿ.
ಇಪ್ಪತ್ತೆರಡು ಜನ ನರ್ಸಮ್ಮಂದಿರು
ತಂತಮ್ಮ ತುಟಿ ಮೂಗು ಹಣೆ ಮುಟ್ಟಿಕೊಂಡು ನಕ್ಕಿದ್ದೆವು.

ಆಸನೂರಿನಾಚೆ, ಕಾಡಂಚಿನ ಆ ಹಟ್ಟಿಯಲ್ಲಿ
ಪುಟ್ಟಮಾದಿಯ ಗರ್ಭ ತುಟಿಯಂತಿತ್ತು.

ಕೂಸು ಅತ್ತಾಗಿತ್ತು. ಮಾಸೂ ಬಿದ್ದಿತ್ತು, ಇಡಿಯಾಗಿ;
ಟಾರ್ಚು ಬಿಟ್ಟು ತಿರುವಿ ತಿರುವಿ ನೋಡಿದ್ದೆ.
ಆಮೇಲೆ ನೆತ್ತರು, ಸದ್ದಿಲ್ಲದೆ,
ಯಾರೋ ನಲ್ಲಿ ಮುಚ್ಚಲು ಮರೆತ ಹಾಗೆ.
ಹಳೇ ಸೀರೆ ಒಂದು ತೊಯ್ದಿತು. ಇನ್ನೊಂದು ತನ್ನಿ ಅಂದೆ.
ಅತ್ತೆ ಕೇತವ್ವ ಬಾಗಿಲಲ್ಲೇ ಕೂತು
"ಒಂಬತ್ತು ತಿಂಗಳ ಕೆಟ್ಟ ನೆತ್ತರು, ಹೋಗ್ಲಿ ಬುಡವ್ವ,
ಒಳಗೇ ನಿಂತ್ರೆ ಬಾಣಂತಿ ಊದ್ಕತಾಳೆ" ಅಂದಳು.
ನನ್ನ ಚಿಕ್ಕಮ್ಮನಿಗೂ ಹೀಗೇ ಅಂದಿದ್ದರು.
ಬೆಳಗಾಗುವ ತನಕ ಹೋಗಲಿ ಬಿಟ್ಟಿದ್ದರು.

ಜಗಳಕ್ಕೆ ಹೊತ್ತಿರಲಿಲ್ಲ.
ತೊಡೆಗೆ ಸೂಜಿ ಚುಚ್ಚಿದೆ. ಮೂರು ದಿನದಿಂದ ಕರೆಂಟಿಲ್ಲ,
ಐಸ್ ಡಬ್ಬಿಯೊಳಗೆ ಬರೀ ಬೆಚ್ಚನೆ ನೀರು, ಆ ಮದ್ದನ್ನು ಹೇಗೆ ನಂಬಲಿ?
ನಾಲ್ಕು ಮಾತ್ರೆ ನಾಲಿಗೆಯಡಿ ಇಟ್ಟೆ: ನುಂಗಬೇಡ, ಕರಗಲಿ.
ನಳಿಕೆ ಹಾಕಿ ಉಚ್ಚೆಚೀಲ ಬರಿದು ಮಾಡಿದೆ.
ಕೂಸನ್ನು ಮೊಲೆಗೆ ಹಚ್ಚು ಅಂದರೆ
ಕೇತವ್ವ "ಮೂರು ದಿನ ಆಗ್ಲಿ" ಅನ್ನಲು ಬಾಯಿ ತೆರೆದು
ನನ್ನ ಮುಖ ನೋಡಿ, ಹಚ್ಚಿದಳು.
ತಿಕ್ಕಿದೆ, ದುಂಡಗೆ, ಮುದ್ದೆ ಕಟ್ಟುವ ಹಾಗೆ.
ಗಟ್ಟಿಯಾಗುತ್ತಿತ್ತು. ಕೈ ಬಿಟ್ಟರೆ ಮತ್ತೆ ತುಟಿ.

ನೂರೆಂಟರ ಗಾಡಿ ಬಂತು.
ರಕ್ತ ಎಲ್ಲಿದೆಯೋ ಅಲ್ಲಿಗೆ ಅಂದೆ.
ಡ್ರೈವರು ಪಳನಿಚಾಮಿ ಫೋನು ಹಚ್ಚಿ ಕೇಳಿ, "ಸತ್ತಿ" ಅಂದ.
ಅವನ ತಮಿಳಲ್ಲಿ ಸತ್ಯಮಂಗಲ ಅಷ್ಟೇ ಚಿಕ್ಕದು.
ಕನ್ನಡದ ಕಿವಿಯ ಕೇತವ್ವ ಬೆಚ್ಚಿ ಸೊಸೆಯ ಮುಖ ನೋಡಿದಳು.

ದಿಂಬಂ ಮುಟ್ಟುವ ಮೊದಲೇ ಎರಡನೇ ಸೀರೆಯೂ ತೊಯ್ದಿತು.
ಉದ್ದನೆ ಗ್ಲೌಸು ತೊಟ್ಟು, ಬಾಗಿ,
"ಮಾದೀ, ನೋಯ್ತದೆ, ಬೈಯಿ ನನ್ನ" ಅಂದು
ಮುಷ್ಟಿ ಒಳಗಿಟ್ಟೆ. ಮೇಲಿನಿಂದ ಇನ್ನೊಂದು ಕೈ.
ಎರಡು ಕೈಯ ನಡುವೆ ಅವಳ ಗರ್ಭ;
ಅಲುಗಬಾರದು, ಸುಮ್ಮನೆ ಒತ್ತಿ ಹಿಡಿದಿರಬೇಕು.
ಬೈದಳು. ನನ್ನ ಅವ್ವನನ್ನೂ ಸೇರಿಸಿ.
ಬೈಗುಳ ಕೇಳಿಸುವ ತನಕ ಉಸಿರಿದೆ ಅಂತ ಲೆಕ್ಕ.

ಘಾಟಿಯಲ್ಲಿ ಇಪ್ಪತ್ತೇಳು ತಿರುವು,
ಇಳಿಯುವವರಿಗೆ ಎಣಿಕೆ ಹಿಮ್ಮುಖ.
ಇಪ್ಪತ್ತೊಂದರಲ್ಲಿ ನನ್ನ ಪಕ್ಕೆ ಕಂಬಿಗೆ ಬಡಿಯಿತು.
ಹದಿನೆಂಟರಲ್ಲಿ ಕಬ್ಬಿನ ಲಾರಿ, ಅದರ ಮಗ್ಗುಲಲ್ಲಿ ಆನೆ,
ಜಲ್ಲೆ ಎಳೆದೆಳೆದು ಅಗಿಯುತ್ತ, ಯಾವ ಅವಸರವೂ ಇಲ್ಲದೆ.
ಪಳನಿಚಾಮಿ ದೀಪ ಆರಿಸಿದ.
ಕತ್ತಲಲ್ಲಿ ನಾಲ್ವರ ಉಸಿರು, ಕೂಸಿನದೂ ಸೇರಿ ಐದು.
ಮೊಣಕೈಯ ಕೆಳಗೆ ನನ್ನದೆನ್ನುವುದು ಏನೂ ಉಳಿದಿರಲಿಲ್ಲ.
ಕೇತವ್ವ ಮೆಲ್ಲಗೆ ಕೇಳಿದಳು, "ಕೈ ತಗುದ್ರೆ ಏನಾದದು?"
ನಾನು ಹೇಳಲಿಲ್ಲ.
ಕೂಸನ್ನು ಕಂಕುಳಿಗೆ ಒತ್ತಿಕೊಂಡು, ತೆವಳಿ ಬಂದು,
ನನ್ನ ಮೊಣಕೈಗೆ ತನ್ನ ಮಂಡಿ ಆನಿಸಿದಳು,
ಅಲ್ಲಾಡುವ ಒಲೆಗೆ ಕಲ್ಲು ಕೊಟ್ಟ ಹಾಗೆ.

ಎಂಟೋ ಏಳೋ, ಫಲಕ ಕಾಣಲಿಲ್ಲ,
ಮುಷ್ಟಿಯ ಸುತ್ತ ಏನೋ ಬಿಗಿಯಿತು.
ನಂಬದೆ ಇನ್ನೊಂದು ತಿರುವು ಕಾದೆ.
ಹಣೆ. ಹಣೆಯೇ.
ಆದರೂ ಬಣ್ಣಾರಿ ಚೆಕ್‌ಪೋಸ್ಟು ದಾಟುವ ತನಕ ಕೈ ತೆಗೆಯಲಿಲ್ಲ.

ಮರುದಿನ ರಿಜಿಸ್ಟರಿನಲ್ಲೊಂದು ಅಂಕಣ:
ಹೋದ ರಕ್ತ ಎಷ್ಟು ಮಿಲಿ?
ಎಡಗೈಯಲ್ಲಿ ಬರೆದೆ, ಬಲಗೈಯ ಬೆರಳು ಇನ್ನೂ ಬಿಡಿಸಿಕೊಂಡಿರಲಿಲ್ಲ:
ಎರಡು ಸೀರೆ, ಒಂದು ಲಂಗ.
ಮೇಲಿನವರು ಅದನ್ನು ಹೊಡೆದುಹಾಕಿ
ಸಾವಿರದ ಇನ್ನೂರು ಅಂತ ತಿದ್ದಿದರು.