ಬತ್ತಬೇಕಾದ ಕೆರೆ

ಮಂಗಳವಾರ, ಶುಕ್ರವಾರ ಬರುತ್ತಾನೆ ಮರುಳಸಿದ್ದಪ್ಪ,
ಅರಸೀಕೆರೆ ಜಂಕ್ಷನ್ನಿನೆದುರು ಹೋಟೆಲಿನಲ್ಲಿ
ಇಪ್ಪತ್ತಾರು ವರ್ಷ ಕಾವಲಿಯ ಮುಂದೆ ನಿಂತವನು.
ಎಡಗಾಲಿನ ಒಳಗಿಣ್ಣಿನ ಮೇಲೆ
ಮೂರು ವರ್ಷದ ಹುಣ್ಣು.

ಮೊದಲ ದಿನ ಅವನಿಗಿಂತ ಮುಂಚೆ ವಾಸನೆ ಬಂತು.
ಬೆಂಚಿನಲ್ಲಿ ಪಕ್ಕ ಕೂತವರು ಒಬ್ಬೊಬ್ಬರೇ ಎದ್ದರು.
ಸುತ್ತಿದ್ದ ಪಂಚೆಯ ಚೂರು ಬಿಚ್ಚಿದೆ:
ಅರಿಶಿನ, ಬೀಡಿ ಪುಡಿ, ಯಾವುದೋ ನೀಲಿ ಟಿಂಚರು,
ಅದರಡಿಗೆ ಕಡೂರಿನ ಯಾರೋ ಕೊಟ್ಟ ಭಸ್ಮ.
ಉಪ್ಪುನೀರಲ್ಲಿ ನೆನೆಸಿ ಪದರ ಪದರ ತೆಗೆದೆ,
ಹಳೇ ಗೋಡೆಯ ಸುಣ್ಣ ಎಬ್ಬಿಸಿದ ಹಾಗೆ.
"ಮಾಟ ಅಂದ್ರು ಸಿಸ್ಟ್ರೇ."
"ಮಾಟ ಅಲ್ಲ, ರಕ್ತ.
ಕೆಳಗಿಳಿದದ್ದು ಮೇಲೆ ಹತ್ತುತ್ತಿಲ್ಲ, ಅಷ್ಟೆ."
ಬೈಯಲಿಲ್ಲ. ಬೈದರೆ ಶುಕ್ರವಾರ ಬರುವುದಿಲ್ಲ.

ಅಂಚು ಇಳಿಜಾರೋ, ಕಡಿದಾದದ್ದೋ;
ತಳದಲ್ಲಿ ಹಳದಿ ಎಷ್ಟು, ಕೆಂಪು ಎಷ್ಟು;
ಸುತ್ತ ಚರ್ಮಕ್ಕೆ, ಕಾಫಿ ಚೆಲ್ಲಿ ಒರೆಸದೆ ಬಿಟ್ಟ ಬಣ್ಣ.
ಪಾದದ ಮೇಲೆ ಬೆರಳಿಟ್ಟು ಕಾದೆ
ಹೊರಗೆ ಗೂಡ್ಸ್ ಗಾಡಿ ಪೂರ್ತಿ ದಾಟುವ ತನಕ.
ನಾಡಿ ಇತ್ತು. ಇದ್ದರೆ ಮಾತ್ರ ಬಿಗಿದು ಕಟ್ಟಬಹುದು.
ಡಾಕ್ಟರ್ ನಿರಂಜನಮೂರ್ತಿ ಡಾಪ್ಲರ್ ಇಟ್ಟು ಕೇಳಿಸಿದರು,
ಹುಸ್ಸ್, ಹುಸ್ಸ್.
"ಕಾವ್ಲಿಗೆ ನೀರು ಹೊಡ್ದಂಗೈತೆ," ನಕ್ಕ, ಮೊದಲ ಸಲ.

ಆಮೇಲೆ ತೆಳು ಪ್ಲಾಸ್ಟಿಕ್ ಹಾಳೆ.
ಹುಣ್ಣಿನ ಮೇಲೆ ಹಾಸಿ ಅಂಚಿನುದ್ದಕ್ಕೂ ಪೆನ್ನು ನಡೆಸಿದೆ:
ಆರು ಸೆಂಟಿಮೀಟರು ಉದ್ದ, ನಾಲ್ಕೂವರೆ ಅಗಲ.
ಬೆಳಕಿಗೆ ಹಿಡಿದರೆ ಥೇಟ್ ಒಂದು ಕೆರೆ,
ಕೋಡಿ ಹಿಮ್ಮಡಿಯ ಕಡೆಗೆ.
ಈ ಊರಲ್ಲಿ ಕೆರೆ ತುಂಬಲಿ ಅಂತ ಬೇಡದವರಿಲ್ಲ.
ವಾರಕ್ಕೊಂದು ಹಾಳೆ ಇಟ್ಟುಕೊಂಡು
ಬತ್ತಲಿ ಅನ್ನುವವಳು ನಾನೊಬ್ಬಳೇ.

ಬೆರಳ ಬುಡದಿಂದ ಮೊಣಕಾಲ ಕೆಳಗಿನ ತನಕ ನಾಲ್ಕು ಪದರ ಪಟ್ಟಿ.
ಐದೂವರೆ. ಐದು. ನಾಲ್ಕೂಮುಕ್ಕಾಲು.
ಏಳನೇ ವಾರ ತಳದಲ್ಲಿ ದಾಳಿಂಬೆ ಕಾಳಿನಂಥ ಕೆಂಪು.
ಹತ್ತನೇ ವಾರ
ಮತ್ತೆ ಐದೂವರೆ.
ಪಟ್ಟಿ ಬೇರೆ ಕೈ ಸುತ್ತಿದ್ದು. ನನ್ನ ಸುತ್ತು ನನಗೆ ಗೊತ್ತಿಲ್ಲವೇ?
ಕೇಳಿದರೆ ಸೀಲಿಂಗ್ ಫ್ಯಾನು ನೋಡಿದ.

ನೈಟ್ ಡ್ಯೂಟಿ ಮುಗಿಸಿ ಒಂದು ಬೆಳಿಗ್ಗೆ ಹೋಟೆಲಿಗೆ ಹೋದೆ,
ಟೀ ಹೇಳಿ ಒಳಗೆ ಇಣುಕಿದೆ.
ಒಂಟಿಕಾಲ ಕೊಕ್ಕರೆ. ಹುಣ್ಣಿನ ಕಾಲು ಎಣ್ಣೆ ಡಬ್ಬದ ಮೇಲೆ.
ನಾನು ಕಟ್ಟಿದ ಪಟ್ಟಿ ಗೂಟದಲ್ಲಿ,
ಕೈ ಒರೆಸುವ ಬಟ್ಟೆಯ ಪಕ್ಕ.
"ಗಿರಾಕಿ ಕಣ್ಣಿಗೆ ಬೀಳಬಾರ್ದಲ್ಲ," ಅಂದರು ಮಾಲೀಕರು.
"ಕೂತು ದೋಸೆ ಹುಯ್ದೋರ್ನ ಎಲ್ಲಾದ್ರೂ ಕಂಡಿದ್ದೀರಾ?"

ಶುಕ್ರವಾರದ ಚೀಟಿಯಲ್ಲಿ ಮಾತ್ರೆಯ ಹೆಸರಿನ ಕೆಳಗೆ
ಡಾಕ್ಟರಿಂದ ಇಷ್ಟು ಬರೆಸಿದೆ:
ಎತ್ತರದ ಸ್ಟೂಲು ಒಂದು. ದಿನವಿಡೀ.
ಉದ್ದ ಪ್ಯಾಂಟು ಎರಡು.
ಆಸ್ಪತ್ರೆಯ ನೀಲಿ ಸೀಲು ಒತ್ತಿದೆ, ಎರಡು ಸಲ.
ಸ್ಟೂಲು ಬಂತು. ಪ್ಯಾಂಟು ಮಗನದು.

ಇಪ್ಪತ್ತೆಂಟನೇ ಹಾಳೆಯಲ್ಲಿ ಒಂದು ಚುಕ್ಕೆ.
ಹುಣ್ಣೋ, ನನ್ನ ಪೆನ್ನು ತಂಗಿದ್ದೋ ಹೇಳಲಾರೆ.
"ವಾಸಿ ಆಯ್ತಾ?"
"ಕೂಡಿಕೊಂಡಿದೆ. ಬಿಗಿ ಕಾಲುಚೀಲ ಬಿಟ್ಟರೆ ಮತ್ತೆ ಬರುತ್ತೆ."

ಬಾಗಿಲಲ್ಲಿ ತಿರುಗಿ ನಿಂತ.
"ಸಿಸ್ಟ್ರೇ, ಬೆಳಗ್ಗಿಂದ ನೀವೂ ನಿಂತೇ ಇದ್ದೀರಲ್ಲ.
ಎಲ್ಲಿ, ಕಾಲು ತೋರ್ಸಿ?"

ಸೀರೆಯ ಅಂಚು ಸ್ವಲ್ಪ ಕೆಳಕ್ಕೆಳೆದು,
ಮುಂದಿನವರನ್ನು ಕರೆದೆ.