ಉತ್ತರದ ಕಿಟಕಿ

ಬ್ರಾಡ್‌ಫರ್ಡಿನ ಆ ಗೋದಾಮಿನ ಕಿಟಕಿಗಳೆಲ್ಲ ಉತ್ತರಕ್ಕೆ.
ಉಣ್ಣೆಯ ಜಾತಿ ತಿಳಿಯಲು ಬಿಸಿಲು ಬೇಡ, ಬೆಳಕು ಸಾಕು.
ನನ್ನ ಮುತ್ತಜ್ಜನ ಅಪ್ಪ ಈನೋಸ್ ಹಾಲ್‌ರಾಯ್ಡ್
ಕಣ್ಣು ಮುಚ್ಚಿಯೂ ಹೇಳುತ್ತಿದ್ದನಂತೆ:
ಇದು ಕುತ್ತಿಗೆಯದು, ಇದು ತೊಡೆಯದು,
ಇದು ಸತ್ತ ಮೇಲೆ ಕತ್ತರಿಸಿದ್ದು.

ಕೊನೆಯದನ್ನು ಜೋರಾಗಿ ಹೇಳಿದರೆ ಕೂಲಿಗೆ ಕುತ್ತು.

ದೂರದ ವಾನ್ ಸರೋವರದ ದಡದಲ್ಲಿ ಒಂದು ಮೇಕೆ
ಮೂಗಿನಿಂದ ಕಪ್ಪು ರಕ್ತ ಸುರಿಸಿ ಬಿದ್ದಿತ್ತು.
ಒಡೆಯ ಕೂದಲನ್ನು ಹಾಳುಮಾಡಲಿಲ್ಲ, ಬಡವ ಅವನೂ.
ಗಾಳಿ ತಾಕಿದ್ದೇ ರಕ್ತದೊಳಗಿನ ಜೀವಾಣು ಬೀಜವಾಗಿ ಮುದುಡಿತು.
ಒಂಟೆಯ ಬೆನ್ನು, ಹಡಗಿನ ಹೊಟ್ಟೆ, ರೈಲು:
ಎಲ್ಲಿಯೂ ಅದಕ್ಕೆ ಹಸಿವಿಲ್ಲ, ಅವಸರವಿಲ್ಲ.

ಸೋಮವಾರ ಮೂಟೆ ಬಿಚ್ಚಿದ. ಧೂಳು.
ಉಸಿರು ಎಳೆದುಕೊಂಡ, ಎಲ್ಲರ ಹಾಗೆ.

ಮುಂದಿನದು ಅವನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತು;
ಲೀಡ್ಸಿನ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷ
ಸೂಕ್ಷ್ಮದರ್ಶಕಕ್ಕೆ ಕಣ್ಣು ತೇದವಳು.
ಶ್ವಾಸಕೋಶದ ಕಟ್ಟಕಡೆಯ ಗೂಡಿನಲ್ಲಿ ಕಾವಲಿನ ಕೋಶವೊಂದು
ಬೀಜವನ್ನು ನುಂಗಿತು (ಅದರ ಕೆಲಸವೇ ಅದು),
ನುಂಗಿ, ಎದೆಯ ನಡುವಿನ ಗ್ರಂಥಿಗೆ ತಾನೇ ಹೊತ್ತೊಯ್ದಿತು.
ಕಳ್ಳನನ್ನು ಹಿಡಿದು ಖಜಾನೆಯಲ್ಲೇ ಕೂಡಿಹಾಕಿದ ಹಾಗೆ.

ಬೆಚ್ಚಗಿತ್ತು. ಒದ್ದೆಯಿತ್ತು. ಬೀಜ ಕಣ್ಣು ಬಿಟ್ಟಿತು.
ಕಾವಲುಗಾರನ ಹೊಟ್ಟೆ ಹರಿದು ಹೊರಬಂದು
ಹಿಡಿತಕ್ಕೆ ಸಿಗದ ಜಾರುಕವಚ ಹೊದ್ದು
ಒಂದು ಎರಡಾಗಿ, ಎರಡು ಸರಪಳಿಯಾಗಿ
ರಕ್ತದ ತುಂಬ ಮೂರು ತುಂಡು ಸುರಿಯಿತು.
ಬಿಡಿಬಿಡಿಯಾಗಿ ಮೂರೂ ನಿರಪರಾಧಿಗಳು.
ಆದರೆ ಮೊದಲನೆಯದು ಕೋಶದ ಗೋಡೆಗೆ ಆತು, ತನ್ನಂಥವರ ಜೊತೆ ಉಂಗುರ ಕಟ್ಟಿ
ಕನ್ನ ಕೊರೆಯುತ್ತದೆ, ಉಳಿದಿಬ್ಬರಿಗಾಗಿ.
ಒಬ್ಬ ನುಸುಳಿ ನೀರಿನ ಕಟ್ಟೆ ಒಡೆಯುತ್ತಾನೆ, ಎದೆ ಊದುತ್ತದೆ.
ಇನ್ನೊಬ್ಬ ಬರೀ ಕತ್ತರಿ:
ಒಳಗಿನ ಸುದ್ದಿಯ ತಂತಿಗಳನ್ನೇ ಹುಡುಕಿ ಹುಡುಕಿ ಕತ್ತರಿಸುತ್ತಾನೆ.
ಕೂಗು ಹೊರಡುವುದೇ ಇಲ್ಲ.

ಅದಕ್ಕೇ ಬುಧವಾರ ಅವನಿಗೆ ಬರೀ ನೆಗಡಿ.
ಹೆಂಡತಿ ಕೆಝಾಯ ಈರುಳ್ಳಿ ಗಂಜಿ ಕಾಯಿಸಿದಳು.
"ಎದೆ ಮೇಲೆ ಯಾರೋ ಕೂತಿದ್ದಾರೆ ಕಣೇ" ಎಂದನಂತೆ, ನಗುತ್ತ.
ಶುಕ್ರವಾರ ಕೊಂಚ ವಾಸಿ. ಬೂಟು ಹಾಕಿಕೊಂಡ.
ಶನಿವಾರ ತುಟಿ ನೀಲಿ. ಕೊನೆಯವರೆಗೂ ಮಾತು ನೆಟ್ಟಗಿತ್ತು.

ವಿಚಾರಣೆಯ ಕಾಗದದಲ್ಲಿ ಒಂದೇ ಸಾಲು:
ರಕ್ತ ಹೆಪ್ಪುಗಟ್ಟಲಿಲ್ಲ, ಡಾಂಬರಿನ ಹಾಗಿತ್ತು.

ಈ ರೋಗದ ಹೆಸರಿಗೆ ಗ್ರೀಕಿನಲ್ಲಿ ಇದ್ದಿಲು ಎಂದರ್ಥ;
ಚರ್ಮಕ್ಕೆ ತಗುಲಿದರೆ ಕಪ್ಪು ಹಕ್ಕಳೆ ಕಟ್ಟುತ್ತದಲ್ಲ, ಅದಕ್ಕೆ.
ಅವನಿಗೆ ಅಷ್ಟೊಂದು ಗುರುತೂ ಇರಲಿಲ್ಲ.
ಕೆಝಾಯ ತೊಳೆದ ಆ ಎರಡು ಕೈ,
ಇಪ್ಪತ್ತು ವರ್ಷದ ಉಣ್ಣೆಯ ಜಿಡ್ಡಿಗೆ,
ಎಳೆಗೂಸಿನದರಂತೆ ಮೆತ್ತಗಿದ್ದವಂತೆ.