ತುಟಿಗೆ ಕೂಡುವ ದನಿ

ಕುಮಾಸಿಯ ಈ ಕೋಣೆಗೆ ಕಿಟಕಿಯಿಲ್ಲ.
ಸದ್ದು ಹೀರಲೆಂದು ಗೋಡೆ ತುಂಬ
ಮೊಟ್ಟೆಯಿಡುವ ರಟ್ಟಿನ ತಟ್ಟೆ ಅಂಟಿಸಿದ್ದೇವೆ.
ಕಿವಿಗೆ ಹೆಡ್‌ಫೋನು, ಎದುರಿಗೆ ಗಾಜು,
ಗಾಜಿನಾಚೆ ಕೆಂಪು ಸೀರೆಯುಟ್ಟ ಪರದೇಶದ ಸೊಸೆ.
ಅವಳು ಬಾಯಿ ತೆರೆದಾಗ ನಾನು ತೆರೆಯಬೇಕು,
ಮುಚ್ಚಿದಾಗ ಮುಚ್ಚಬೇಕು.
ಅವಳದು ಏಳು ಅಕ್ಷರ, ನನ್ನ ಟ್ವಿ ಭಾಷೆಗೆ ಮೂರೇ ಸಾಕು;
ಉಳಿದ ನಾಲ್ಕಕ್ಕೆ ಬಿಕ್ಕುತ್ತೇನೆ.

ಮುನ್ನೂರ ಹನ್ನೆರಡು ಕಂತು ಬಿಕ್ಕಿದ್ದೇನೆ.
ಕೆಜೇಟಿಯಾ ಸಂತೆಯಲ್ಲಿ ಯಾರೂ
ನನ್ನ ಮುಖ ಗುರುತಿಸುವುದಿಲ್ಲ.
"ಟೊಮೇಟೊ ಹೇಗಮ್ಮ?" ಎಂದರೆ ಸಾಕು,
ಮೂರು ಅಂಗಡಿಯಾಚೆಯ ಒಣಮೀನಿನವಳು ತಿರುಗಿ
"ಬಂದಳು ನೋಡೇ, ಸೊಸೆ!" ಎನ್ನುತ್ತಾಳೆ.
ವಿಷ ಬೆರೆಸಿದ್ದು ಯಾರು, ಗಂಡನಿಗೆ ನೆನಪು ಮರಳಿತೇ,
ಎಲ್ಲರಿಗೂ ನಾಳಿನದು ಇವತ್ತೇ ಬೇಕು.
ಕೊಸರಿಗೆ ಎರಡು ಟೊಮೇಟೊ ಹಾಕುತ್ತಾರೆ.
ಸುಳ್ಳು ಯಾಕೆ ಹೇಳಲಿ,
ಮಗಳ ಶಾಲೆಯ ಫೀಸು ಕಟ್ಟಿದ್ದು
ಆ ಸೀರೆಯವಳ ಕಣ್ಣೀರೇ.

ಒಂದು ದಿನ ಮಾತ್ರ ನಾಲಗೆ ತಡೆಯಿತು.
"ತವರಿನ ಹೆಸರು ಇನ್ನು ನನ್ನದಲ್ಲ"
ಎಂದು ಅವಳು ಹೊಸಿಲು ದಾಟುತ್ತಾಳೆ.
ಹಾಳೆ ಹಿಡಿದು ಸುಮ್ಮನೆ ನಿಂತೆ.
ನಮ್ಮಲ್ಲಿ ಕುಲ ಹರಿಯುವುದೇ ಅವ್ವನಿಂದ.
ಮದುವೆಯಾದರೂ ಹೆಣ್ಣು ಅವ್ವನ ಕಡೆಯವಳು,
ಸತ್ತರೆ ಮಣ್ಣು ಮಾಡುವವರೂ ಅವರೇ.
ಈ ಮಾತಿಗೆ ಯಾವ ಅಳುವನ್ನು ಎಲ್ಲಿಂದ ತರಲಿ?
ಫ್ರಿಂಪಾಂಗ್ ಗಾಜು ಕುಟ್ಟಿದ:
"ತುಟಿ ತಪ್ಪುತ್ತಿದೆ, ಪೋಕುವಾ."
ಅತ್ತೆ.
ಆ ಅತ್ತೆಯ ಎದುರು ಹೇಗೋ ಅತ್ತೆ.

ಸಂಜೆಗೆ ಡಂಕ್ವಾನ ಅಂಗಳದಲ್ಲಿ ಬೇರೆ ಕೆಲಸ,
ನಮ್ಮದೇ ಧಾರಾವಾಹಿ.
ಇರುವುದೊಂದು ಕ್ಯಾಮೆರಾ,
ಅದೂ ಮದುವೆಗಳಿಗೆ ಬಾಡಿಗೆ ಹೋಗಿ ಉಳಿದ ದಿನ.
ಕೋಕೋ ತೋಟದ ಯಜಮಾನ ಸತ್ತಿದ್ದಾನೆ.
ತೋಟ ಯಾರಿಗೆ? ಬೆವರು ಸುರಿಸಿದ ಮಕ್ಕಳಿಗೋ,
ಅಕ್ಕನ ಮಗನಿಗೋ?
ಹೆಣವಾದವನು ಎರಡು ಸಲ ಸೊಳ್ಳೆ ಹೊಡೆದುಕೊಂಡ.
ನಾನು ಅಕ್ಕ. ಸಂಬಳ ಒಂದು ತಟ್ಟೆ
ಅಲಸಂದೆಯನ್ನ, ಮೇಲೊಂದು ಮೊಟ್ಟೆ.
ಬಾಗಿಲಲ್ಲಿ ಕೂತು ಒಂದೂ ಮಾತಾಡದೆ
ಕಾಲ ಬೆರಳು ನೋಡುತ್ತಿದ್ದೆ. ಆಗ
ಮೇಕೆಯೊಂದು ಒಳಬಂದು ಮೇಜಿನ ಬಟ್ಟೆ ತಿಂದಿತು.
ತೆಗೆಯಲಿಲ್ಲ, ಹಾಗೇ ಬಿಟ್ಟೆವು.

ಚಾನೆಲ್ಲಿನವನು ಲೆಕ್ಕ ಹೇಳಿದ:
"ಹೊರಗಿನದರ ಒಂದು ಕಂತಿನ ಬೆಲೆ
ನಿಮ್ಮ ಜನರೇಟರಿನ ಡೀಸೆಲ್ಲಿಗಿಂತ ಕಮ್ಮಿ.
ಅವರ ಹತ್ತಿರ ಬಂಗಲೆಯಿದೆ, ಮಂಜಿನ ಬೆಟ್ಟವಿದೆ.
ನಿಮ್ಮ ಹತ್ತಿರ?"
ಡಂಕ್ವಾ ತುಸು ಯೋಚಿಸಿ, "ಮೇಕೆಯಿದೆ" ಎಂದ.
ಭಾನುವಾರ ಬೆಳಗಿನ ಐದೂವರೆ ಕೊಟ್ಟರು,
ಹುಂಜಗಳು ಟಿವಿ ನೋಡುವ ಹೊತ್ತು.

ಆದರೂ ನೋಡಿದರು.
ನಮ್ಮ ವಠಾರದಲ್ಲಿ ಗಂಜಿ ಕಲಕುವ ಸೌಟು ನಿಂತಿತು,
ಚರ್ಚಿಗೆ ಹೊರಟವರು ಬೈಬಲ್ಲು ಕಂಕುಳಲ್ಲಿಟ್ಟುಕೊಂಡೇ ನಿಂತರು.
ಮುಗಿದ ಮೇಲೆ ಫ್ರೆಮಾ ಅಜ್ಜಿ ಬೈದಳು:
ದೀಪ ಮಂಕು, ಹೆಣ ಉಸಿರಾಡುತ್ತಿತ್ತು,
ಟ್ರೋಟ್ರೋ ವ್ಯಾನಿನ ಹಾರ್ನಿಗೆ ಅರ್ಧ ಮಾತು ಹೋಯಿತು.
(ಅದೇ ವ್ಯಾನಿನಲ್ಲಿ ಅವಳು ನಾಲ್ವತ್ತು ವರ್ಷ
ಈರುಳ್ಳಿ ಮೂಟೆ ಹೇರಿದವಳು.)
ಬೈದು, ಸುಮ್ಮನಾಗಿ, ನನ್ನ ಗದ್ದ ಹಿಡಿದು ಕೇಳಿದಳು:
"ನನ್ನ ತಮ್ಮ ಸತ್ತ ದಿನ ನಾನು ಕೂತದ್ದೂ ಹಾಗೇ,
ಬಾಗಿಲಲ್ಲಿ, ಕಾಲ ಬೆರಳು ನೋಡುತ್ತ.
ನೀನಿನ್ನೂ ಹುಟ್ಟಿರಲಿಲ್ಲ.
ನಿನಗೆ ಯಾರು ಹೇಳಿದರು?"

ಯಾರೂ ಹೇಳಿರಲಿಲ್ಲ.
ನಾನು ನೋಡುತ್ತಿದ್ದದ್ದು ಬೇರೆ:
ಪರದೆಯ ಮೇಲೆ ಆ ಹೆಂಗಸಿನ ತುಟಿ ಅಲುಗಿತು,
ದನಿ ಅದೇ ಗಳಿಗೆಗೆ ಬಂತು,
ಅಕ್ಷರ ಹೆಚ್ಚಲಿಲ್ಲ, ಉಳಿಯಲಿಲ್ಲ.

ಸೋಮವಾರ ಮತ್ತೆ ಮೊಟ್ಟೆತಟ್ಟೆಯ ಗೋಡೆ.
ಸೀರೆಯವಳು ಅಳಲು ಬಾಯಿ ತೆರೆದಳು.
"ತಡಿ ತಂಗಿ, ನಿನ್ನ ಮೇಲೆ ಸಿಟ್ಟಿಲ್ಲ,
ನಿನ್ನೆ ನನ್ನ ಪಾಲಿನದು ಅತ್ತಿದ್ದೇನೆ,
ಗಂಟಲು ಕಟ್ಟಿದೆ."
ಫ್ರಿಂಪಾಂಗ್ ಏನೂ ಅನ್ನದೆ
ಅವಳನ್ನು ಹಿಂದಕ್ಕೆ ಓಡಿಸಿದ.